ಬೆಳಕಿಗೆ ತಿರುಗುವ ಫಿಲ್ಮ್: ಅಜೊ ಡೈ ಮತ್ತು ಪಾಲಿಮರ್ ಬೆರೆಸಿ ನಾನ್‌ಲೀನಿಯರ್ ಆಪ್ಟಿಕ್ಸ್ ಪ್ರಯೋಗ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಜೂನ್ ಎರಡನೇ ವಾರ. ಕಾಸರಗೋಡಿನಲ್ಲಿ ಮಳೆ ಹಿಡಿದುಬಿಟ್ಟಿತ್ತು. ಸ್ಲೈಡನ್ನು ಗಿರ್ರನೆ ತಿರುಗಿಸಿ ದ್ರಾವಣವನ್ನು ತೆಳುವಾಗಿ ಹರಡುವ ಯಂತ್ರವಾದ ಸ್ಪಿನ್ ಕೋಟರಿನಿಂದ ಸ್ಲೈಡ್ ತೆಗೆದು ನೋಡಿದರೆ, ಕೆಂಪಗೆ ಕನ್ನಡಿ ಹಾಗೆ ಹೊಳೆಯಬೇಕಾಗಿದ್ದ ಫಿಲ್ಮ್ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗೆ ಮಂಕಾಗಿತ್ತು. ಲ್ಯಾಬಿನ ಅಟೆಂಡರ್ ಬಗ್ಗಿ ನೋಡಿ, "ಎಂತದಿದು, ಬೂಸ್ಟು ಬಂದದ್ದಾ?" ಎಂದು ಕೇಳಿದರು. "ಗೊತ್ತಿಲ್ಲ ಅಣ್ಣ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಆ ದಿನ ಮೂರು ಸ್ಲೈಡ್ ಹೀಗೇ ಹಾಳಾದವು, ಮರುದಿನ ಇನ್ನೂ ನಾಲ್ಕು.

ಈ ವಿಷಯದ ಮೇಲೆ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವ ನಮ್ಮ ಕಡೆಯ ಮಕ್ಕಳು ಈಗ ನನ್ನ ಹತ್ತಿರ ಕೇಳುವುದೆಲ್ಲ ಲೇಸರ್ ಬಗ್ಗೆ. ಯಾವ ಲೇಸರ್ ಬೇಕು, ಎಷ್ಟು ಪವರ್ ಬೇಕು, ಲೆಕ್ಕ ಹೇಗೆ ಮಾಡುವುದು. ಫಿಲ್ಮ್ ಹೇಗೆ ಒಣಗಿಸಿದಿರಿ ಎಂದು ಒಬ್ಬರೂ ಕೇಳುವುದಿಲ್ಲ. ಆದರೆ ಈ ಕೆಲಸ ಕೆಡುವುದು ಅಲ್ಲೇ. ಅದಕ್ಕೇ ಈ ಬರಹದಲ್ಲಿ ಫಿಲ್ಮಿನ ಬಗ್ಗೆ ಜಾಸ್ತಿ ಇದೆ, ಲೇಸರ್ ಆಮೇಲೆ ಬರುತ್ತದೆ.

ಮೊದಲು, ನಾವು ಮಾಡಲು ಹೊರಟಿರುವುದು ಏನು?

ಪಾಲಿಮರಿಗೆ ಡೈ ಬೆರೆಸಿ ತೆಳು ಫಿಲ್ಮ್ ಮಾಡಿ, ಬೆಳಕು ಅದರ ಗುಣವನ್ನು ಹೇಗೆ ಬದಲಿಸುತ್ತದೆ ಎಂದು ಅಳೆಯುವುದು. ಆ ಫಿಲ್ಮ್ ಒಂದು ಬಗೆಯ ಗಾಜು. ಗಾಜು ಎಂದರೆ ಕಿಟಕಿಯ ಗಾಜು ಮಾತ್ರ ಅಲ್ಲ. ಅಡುಗೆಮನೆಯಲ್ಲೇ ಎರಡು ಸಾಮಾನು ತೆಗೆದುಕೊಳ್ಳಿ: ಕಲ್ಲುಸಕ್ಕರೆ ಮತ್ತು ಚಿಕ್ಕಿಯ ಪಾಕ. ಎರಡೂ ಸಿಹಿ, ಎರಡೂ ಗಟ್ಟಿ. ಕಲ್ಲುಸಕ್ಕರೆಯಲ್ಲಿ ಅಣುಗಳು ಸಾಲಾಗಿ ಜೋಡಿಸಿಕೊಂಡಿವೆ, ಅದು ಹರಳು. ಪಾಕವನ್ನು ಬೇಗ ತಣಿಸಿದ್ದೇವೆ, ಅಣುಗಳಿಗೆ ಸಾಲು ಕಟ್ಟಲು ಪುರುಸೊತ್ತು ಸಿಕ್ಕಿಲ್ಲ, ಇದ್ದ ಹಾಗೇ ಗಟ್ಟಿಯಾಗಿವೆ. ಅದು ಗಾಜು, ಅದೂ ಆರ್ಗಾನಿಕ್ ಗಾಜು. ಬಿಸಿ ಮಾಡಿದರೆ ಹರಳಿನ ಹಾಗೆ ಒಂದೇ ಕ್ಷಣಕ್ಕೆ ಕರಗುವುದಿಲ್ಲ, ಒಂದು ಉಷ್ಣತೆ ದಾಟಿದ ಮೇಲೆ ಮೆಲ್ಲ ಮೆದುವಾಗುತ್ತದೆ. ಆ ಉಷ್ಣತೆಗೆ ಗ್ಲಾಸ್ ಟ್ರಾನ್ಸಿಷನ್ ಉಷ್ಣತೆ ಎನ್ನುತ್ತಾರೆ, ಲ್ಯಾಬಿನಲ್ಲಿ ಎಲ್ಲರೂ ಹೇಳುವುದು ಟೀಜಿ.

ಮಳೆಗಾಲದಲ್ಲಿ ಚಿಕ್ಕಿ ಡಬ್ಬದ ಮುಚ್ಚಳ ತೆರೆದಿಟ್ಟರೆ ಏನಾಗುತ್ತದೆ? ಸಂಜೆಗೆ ಕೈಗೆ ಅಂಟುತ್ತದೆ, ಅಲ್ವಾ? ಗಾಳಿಯ ತೇವ ಒಳಗೆ ಹೋಗಿ ಟೀಜಿಯನ್ನು ಕೆಳಗೆ ಎಳೆದಿದೆ, ಅಷ್ಟೇ. ಈ ಮಾತು ನೆನಪಿಟ್ಟುಕೊಳ್ಳಿ. ನಮ್ಮ ಫಿಲ್ಮಿನಲ್ಲಿ ದ್ರಾವಕ ಉಳಿದರೂ ಇದೇ ಕಥೆ.

ನಾವು ಬಳಸುವುದು ಪಿಎಂಎಂಎ ಎಂಬ ಪಾಲಿಮರ್. ಅಕ್ರಿಲಿಕ್ ಶೀಟ್ ಎಂದು ಬೋರ್ಡ್ ಬರೆಯುವ ಅಂಗಡಿಯಲ್ಲಿ ಸಿಗುತ್ತದಲ್ಲ, ಅದೇ ಜಾತಿ. ಟೀಜಿ ಸುಮಾರು 105 ಡಿಗ್ರಿ ಸೆಲ್ಸಿಯಸ್, ವಕ್ರೀಭವನ ಸೂಚ್ಯಂಕ 1.49. ಅದರೊಳಗೆ ಬೆರೆಸುವುದು ಡಿಸ್ಪರ್ಸ್ ರೆಡ್ 1 ಎಂಬ ಅಜೊ ಡೈ, ಮೋಲಾರ್ ದ್ರವ್ಯರಾಶಿ 314.34. ಚಿಕ್ಕದಾಗಿ ಡಿಆರ್-1 ಎನ್ನೋಣ. ಹೊಸಬರು ಇದರಿಂದಲೇ ಶುರು ಮಾಡುವುದು ಒಳ್ಳೆಯದು. ಇದರ ಬಗ್ಗೆ ಅಷ್ಟು ಕೆಲಸ ಆಗಿದೆ, ನಿಮ್ಮ ಫಲಿತಾಂಶ ದಾರಿ ತಪ್ಪಿದರೆ ಬೇಗ ಗೊತ್ತಾಗುತ್ತದೆ.

ಡೈ ಮಾಡುವ ಕೆಲಸ

ಅಜೊ ಅಣುವಿನ ನಡುವೆ ಎರಡು ನೈಟ್ರೋಜನ್ ಜೋಡಿ ಬಂಧದಲ್ಲಿವೆ. ಉದ್ದಕ್ಕೆ ಚಾಚಿಕೊಂಡ ರೂಪ ಟ್ರಾನ್ಸ್, ಮೊಣಕೈ ಮಡಚಿದ ಹಾಗಿರುವ ರೂಪ ಸಿಸ್. ಬೆಳಕು ತಾಗಿದರೆ ಟ್ರಾನ್ಸ್ ಮಡಚಿಕೊಂಡು ಸಿಸ್ ಆಗುತ್ತದೆ. ಸಾದಾ ಅಜೊಬೆಂಜೀನ್‌ನಲ್ಲಿ ಸಿಸ್ ಗಂಟೆಗಟ್ಟಲೆ ಹಾಗೇ ಉಳಿಯಬಲ್ಲದು. ಡಿಆರ್-1 ಹಾಗಲ್ಲ, ಅದರ ಒಂದು ತುದಿಯಲ್ಲಿ ಎಲೆಕ್ಟ್ರಾನ್ ಕೊಡುವ ಅಮೈನೊ ಗುಂಪು, ಇನ್ನೊಂದು ತುದಿಯಲ್ಲಿ ಎಳೆದುಕೊಳ್ಳುವ ನೈಟ್ರೊ ಗುಂಪು, ಹಾಗಾಗಿ ಸಿಸ್ ಬಹಳ ಬೇಗ ಹಿಂದಕ್ಕೆ ಬರುತ್ತದೆ. ಬೆಳಕು ಇರುವಷ್ಟು ಹೊತ್ತೂ ಮಡಚು, ಬಿಚ್ಚು, ಮಡಚು, ಬಿಚ್ಚು.

ಪ್ರತಿ ಸಲ ಬಿಚ್ಚುವಾಗಲೂ ಅಣು ಸ್ವಲ್ಪ ಬೇರೆ ದಿಕ್ಕಿಗೆ ತಿರುಗಿರುತ್ತದೆ. ಬೆಳಕಿನ ಧ್ರುವೀಕರಣದ ದಿಕ್ಕಿಗೆ, ಅಂದರೆ ಬೆಳಕಿನ ವಿದ್ಯುತ್ ಕ್ಷೇತ್ರ ಕಂಪಿಸುವ ದಿಕ್ಕಿಗೆ, ನೇರವಾಗಿರುವ ಅಣುವಿಗೆ ಏಟು ಜಾಸ್ತಿ, ಅಡ್ಡಕ್ಕೆ ಇರುವುದಕ್ಕೆ ಏಟೇ ಇಲ್ಲ. ಹೀಗೆ ತಿರುಗುತ್ತಾ ತಿರುಗುತ್ತಾ ಅಡ್ಡಕ್ಕೆ ಬಂದ ಅಣು ಅಲ್ಲೇ ನಿಲ್ಲುತ್ತದೆ, ಯಾಕೆಂದರೆ ಇನ್ನು ಬೆಳಕು ಅದನ್ನು ಮುಟ್ಟುವುದಿಲ್ಲ. ಸ್ವಲ್ಪ ಹೊತ್ತಿಗೆ ಅಡ್ಡ ನಿಂತವೇ ಜಾಸ್ತಿ ಆಗುತ್ತವೆ. ಆಗ ಫಿಲ್ಮಿಗೆ ಒಂದು ದಿಕ್ಕಿನಲ್ಲಿ ಒಂದು ಸೂಚ್ಯಂಕ, ಇನ್ನೊಂದು ದಿಕ್ಕಿನಲ್ಲಿ ಇನ್ನೊಂದು. ಇದೇ ದ್ವಿವಕ್ರೀಭವನ. ಟೀಜಿಗಿಂತ ಎಷ್ಟೋ ಕೆಳಗೆ, ಗಟ್ಟಿ ಗಾಜಿನೊಳಗೆ, ಬರೀ ಬೆಳಕಿನಿಂದ ಅಣು ತಿರುಗುತ್ತದೆ. ನನಗೆ ಇವತ್ತಿಗೂ ಇದು ಆಶ್ಚರ್ಯವೇ.

ನಾನ್‌ಲೀನಿಯರ್ (ಅಂದರೆ ಕೊಟ್ಟ ಬೆಳಕಿಗೆ ನೇರ ಅನುಪಾತದಲ್ಲಿ ಉತ್ತರ ಬಾರದಿರುವುದು) ಎಂಬ ಮಾತು ಎಲ್ಲಿ ಬರುತ್ತದೆ? ಅಮೈನೊ ತುದಿಯಿಂದ ನೈಟ್ರೊ ತುದಿಗೆ ಎಲೆಕ್ಟ್ರಾನ್ ಸಲೀಸಾಗಿ ಜಾರುತ್ತದೆ, ಹಿಂದಕ್ಕೆ ಅಷ್ಟು ಸಲೀಸಲ್ಲ. ಬೆಳಕು ಜೋರಾಗಿದ್ದರೆ ಈ ಓರೆ ಎದ್ದು ಕಾಣುತ್ತದೆ, ಬಂದ ಆವರ್ತನದ ಎರಡು ಪಟ್ಟು ಆವರ್ತನದ ಬೆಳಕು ಹೊರಗೆ ಬರುತ್ತದೆ. ಇದನ್ನು ಮೊದಲು ತೋರಿಸಿದ್ದು 1961ರಲ್ಲಿ, ಫ್ರಾಂಕೆನ್ ಮತ್ತು ಜೊತೆಯವರು. ಲೇಸರ್ ಹುಟ್ಟಿ ಒಂದೇ ವರ್ಷ ಆಗಿತ್ತು. ಮಾಣಿಕ್ಯದ ಲೇಸರಿನ 694.3 ನ್ಯಾನೊಮೀಟರ್ ಕೆಂಪು ಬೆಳಕನ್ನು ಕ್ವಾರ್ಟ್ಸ್ ಹರಳಿಗೆ ಬಿಟ್ಟರು, 347.2 ನ್ಯಾನೊಮೀಟರಿನ ಚಿಕ್ಕ ಚುಕ್ಕೆ ಫೋಟೊ ಪ್ಲೇಟಿನಲ್ಲಿ ಬಿತ್ತು. ಆ ಚುಕ್ಕೆಯನ್ನು ಕೊಳೆ ಎಂದುಕೊಂಡು ಅಚ್ಚಿನ ಹೊತ್ತಿಗೆ ಅಳಿಸಿಬಿಟ್ಟರು. ಹಾಗಾಗಿ ಪ್ರಕಟವಾದ ಚಿತ್ರದಲ್ಲಿ ಬಾಣದ ಗುರುತು ಇದೆ, ಚುಕ್ಕೆ ಇಲ್ಲ. ಫಿಲ್ಮಿನಲ್ಲಿ ಕಾಣುವ ಚಿಕ್ಕ ಚುಕ್ಕೆಯನ್ನು ಧೂಳು ಎಂದು ಒರೆಸುವ ಮೊದಲು ಎರಡು ಸಲ ನೋಡಿ ಎಂದು ನಾನು ಮಕ್ಕಳಿಗೆ ಹೇಳುವುದು ಇದಕ್ಕೇ.

ಒಂದು ತೊಡಕಿದೆ. ಫಿಲ್ಮಿನಲ್ಲಿ ಡೈ ಅಣುಗಳು ಕಂಡಕಂಡ ಕಡೆ ಮುಖ ಮಾಡಿರುತ್ತವೆ, ಒಂದರ ಓರೆ ಇನ್ನೊಂದನ್ನು ಕಳೆಯುತ್ತದೆ. ಎರಡು ಪಟ್ಟು ಆವರ್ತನ ಬೇಕಾದರೆ ಎಲ್ಲದರ ಮುಖವನ್ನೂ ಒಂದೇ ಕಡೆ ಮಾಡಿಸಬೇಕು. ಅದಕ್ಕೆ ಪೋಲಿಂಗ್ ಎನ್ನುತ್ತಾರೆ. ಸೂಚ್ಯಂಕವೇ ಬೆಳಕಿನ ತೀವ್ರತೆಗೆ ತಕ್ಕಂತೆ ಬದಲಾಗುವ ಮೂರನೇ ದರ್ಜೆಯ ಪರಿಣಾಮಕ್ಕೆ ಪೋಲಿಂಗ್ ಬೇಡ.

ಸಾಮಾನು ಮತ್ತು ಅಳತೆ

ಪಿಎಂಎಂಎ 1 ಗ್ರಾಂ, ಡಿಆರ್-1 50 ಮಿಲಿಗ್ರಾಂ, ದ್ರಾವಕ 10 ಮಿಲಿಲೀಟರ್. ಪಾಲಿಮರಿನ ತೂಕಕ್ಕೆ ಶೇಕಡಾ 5 ಡೈ ಆಯಿತು. ಸುಮಾರು ಒಂದು ಮೈಕ್ರಾನ್ ದಪ್ಪದ ಫಿಲ್ಮಿಗೆ ಇದು ಹದವಾದ ಅಳತೆ. ಬಣ್ಣ ಚೆನ್ನಾಗಿ ಬರಲಿ ಎಂದು ಡೈ ಜಾಸ್ತಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಶೇಕಡಾ 10 ದಾಟಿದ ಮೇಲೆ ಡೈ ಅಣುಗಳು ಗುಂಪು ಕಟ್ಟಲು, ಹರಳಾಗಲು ನೋಡುತ್ತವೆ. ಅದೂ ಅಲ್ಲದೆ ಡೈ ಸೇರಿದಷ್ಟೂ ಪಾಲಿಮರ್ ಮೆದುವಾಗಿ ಟೀಜಿ ಇಳಿಯುತ್ತದೆ.

ಬಟ್ಟೆಗೆ ಹಾಕುವ ಡಿಸ್ಪರ್ಸ್ ಡೈ ಪುಡಿ ಕಡಿಮೆಗೆ ಸಿಗುತ್ತದೆ ಎಂದು ತರಬೇಡಿ, ಅದರಲ್ಲಿ ನೀರಿನಲ್ಲಿ ಹರಡಲು ಬೇರೆ ಏನೇನೋ ಸೇರಿಸಿರುತ್ತಾರೆ. ಲ್ಯಾಬಿಗೆ ಕೊಡುವ ಶುದ್ಧ ಡೈಯೇ ಬೇಕು.

ದ್ರಾವಕದ ಆಯ್ಕೆಯಲ್ಲೇ ನಮ್ಮ ಊರಿನ ಹವೆ ಲೆಕ್ಕಕ್ಕೆ ಬರುವುದು. ಎಷ್ಟೋ ಕಡೆ ಕ್ಲೋರೋಫಾರ್ಮ್ ಎಂದು ಬರೆದಿರುತ್ತದೆ. ಅದು ಕುದಿಯುವುದು 61 ಡಿಗ್ರಿಗೆ. ಸ್ಲೈಡ್ ತಿರುಗುವಾಗ ಅದು ಬುಸ್ಸೆಂದು ಆರಿಹೋಗುತ್ತದೆ, ಆರುವಾಗ ಫಿಲ್ಮಿನ ಮೈಯನ್ನು ತಣ್ಣಗೆ ಮಾಡುತ್ತದೆ. ಸ್ಯಾನಿಟೈಸರ್ ಕೈಗೆ ಹಾಕಿದಾಗ ತಣ್ಣಗಾಗುವುದಿಲ್ಲವೇ, ಹಾಗೆ. ಒಣ ಹವೆಯಲ್ಲಿ ತೊಂದರೆ ಇಲ್ಲ. ಆದರೆ ಜೂನ್, ಜುಲೈಯಲ್ಲಿ ನಮ್ಮಲ್ಲಿ ಗೋಡೆಯೇ ಬೆವರುತ್ತದೆ. ತಣ್ಣಗಾದ ಫಿಲ್ಮಿನ ಮೇಲೆ ಗಾಳಿಯ ನೀರು ಸಣ್ಣ ಸಣ್ಣ ಹನಿಯಾಗಿ ಕೂರುತ್ತದೆ, ಆಮೇಲೆ ಹನಿ ಆರಿ ತೂತು ಉಳಿಯುತ್ತದೆ. ಆ ತೂತುಗಳು ಬೆಳಕನ್ನು ಚದುರಿಸುವುದರಿಂದ ಫಿಲ್ಮ್ ಬೆಳ್ಳಗೆ ಕಾಣುತ್ತದೆ. ನನ್ನ ಏಳು ಸ್ಲೈಡಿನ ಕಥೆ ಇದೇ. ಮೈಕ್ರೋಸ್ಕೋಪಿನಡಿ ಇಟ್ಟಾಗ ಜೇನುಗೂಡಿನ ಹಾಗೆ ಸಾಲಾಗಿ ಗುಂಡಗಿನ ತೂತುಗಳು ಕಂಡವು. ಬೂಸ್ಟು ಅಲ್ಲ ಅಣ್ಣ, ಮಳೆ.

ಅದಕ್ಕೆ ನಿಧಾನ ಆರುವ ದ್ರಾವಕ ತೆಗೆದುಕೊಳ್ಳಿ. ಸೈಕ್ಲೋಹೆಕ್ಸನೋನ್ ಕುದಿಯುವುದು ಸುಮಾರು 156 ಡಿಗ್ರಿಗೆ, ಕ್ಲೋರೋಬೆಂಜೀನ್ ಸುಮಾರು 132ಕ್ಕೆ. ನನ್ನ ಮತ ಸೈಕ್ಲೋಹೆಕ್ಸನೋನಿಗೆ. ಒಣಗಿಸಲು ಹೊತ್ತು ಜಾಸ್ತಿ ಬೇಕು, ಆದರೆ ಫಿಲ್ಮ್ ಕನ್ನಡಿ ಹಾಗೆ ಬರುತ್ತದೆ.

ಯಾವ ದ್ರಾವಕವಾದರೂ ಫ್ಯೂಮ್ ಹುಡ್ಡಿನೊಳಗೇ ಕೆಲಸ. ಕೈಗವಸು, ಕನ್ನಡಕ ಬೇಕೇ ಬೇಕು. ಕ್ಲೋರೋಫಾರ್ಮ್ ಬಳಸುವುದಾದರೆ ಅದರ ತ್ಯಾಜ್ಯವನ್ನು ಅಸಿಟೋನ್ ಹಾಕುವ ಬಾಟಲಿಗೆ ಸುರಿಯಬೇಡಿ. ಅದರಲ್ಲಿ ಒಂಚೂರು ಕ್ಷಾರ ಇದ್ದರೂ ಎರಡೂ ಸೇರಿ ಜೋರಾಗಿ ಬಿಸಿಯಾಗಿ ಬಾಟಲಿ ಒಡೆಯಬಹುದು.

ಗಾಜು ತೊಳೆಯುವುದು

ಸೋಪಿನ ನೀರು, ಶುದ್ಧ ನೀರು, ಅಸಿಟೋನ್, ಕೊನೆಗೆ ಐಸೊಪ್ರೊಪನಾಲ್. ಅಲ್ಟ್ರಾಸೋನಿಕ್ ಬಾತ್ ಇದ್ದರೆ ಒಂದೊಂದರಲ್ಲೂ 10 ನಿಮಿಷ. ಆಮೇಲೆ ಓವನ್ನಿನಲ್ಲಿ ಒಣಗಿಸಿ. ತೊಳೆದದ್ದು ಸಾಕಾಯಿತೇ ಎಂದು ನೋಡಲು ಬೇರೆ ಒಂದು ಸ್ಲೈಡ್ ತೆಗೆದು ಬಾಯಿಯಿಂದ ಹಬೆ ಬಿಡಿ. ಹಬೆ ಒಂದೇ ಸಮನಾಗಿ ಕೂತು ಒಂದೇ ಸಮನಾಗಿ ಹೋದರೆ ಸರಿ. ದ್ವೀಪದ ಹಾಗೆ ಅಲ್ಲಲ್ಲಿ ಉಳಿದರೆ ಎಣ್ಣೆಯಂಶ ಇದೆ, ಪುನಃ ತೊಳೆಯಿರಿ. ಹಬೆ ಬಿಟ್ಟ ಸ್ಲೈಡನ್ನು ಕೋಟಿಂಗಿಗೆ ಬಳಸಬೇಡಿ.

ಕಲಸುವುದು, ಸೋಸುವುದು

ಮೊದಲು ಪಾಲಿಮರನ್ನು ಗಾಜಿನ ಬಾಟಲಿಯಲ್ಲಿ ದ್ರಾವಕಕ್ಕೆ ಹಾಕಿ ಮುಚ್ಚಳ ಬಿಗಿ ಮಾಡಿ, ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ರಾತ್ರಿ ಪೂರ್ತಿ ಬಿಡಿ. ಬೆಳಿಗ್ಗೆ ಅಡಿಯಲ್ಲಿ ಜೆಲ್ಲಿ ಹಾಗೆ ಏನೂ ಕಾಣಬಾರದು. ಆಮೇಲೆ ಡೈ ಹಾಕಿ ಇನ್ನೂ ನಾಲ್ಕೈದು ಗಂಟೆ. ಪ್ಲಾಸ್ಟಿಕ್ ಲೋಟ, ಪ್ಲಾಸ್ಟಿಕ್ ಚಮಚ ಹತ್ತಿರ ತರಬೇಡಿ, ಅದೂ ಕರಗಿ ನಿಮ್ಮ ಫಿಲ್ಮಿಗೆ ಸೇರುತ್ತದೆ.

ಕೋಟಿಂಗ್ ಮಾಡುವ ಮೊದಲು 0.45 ಮೈಕ್ರಾನಿನ ಸಿರಿಂಜ್ ಫಿಲ್ಟರಿನಲ್ಲಿ ಸೋಸಿ. ಫಿಲ್ಟರಿನ ಪೊರೆ ಟೆಫ್ಲಾನಿನದ್ದಾಗಿರಲಿ, ಸಿರಿಂಜ್ ಗಾಜಿನದ್ದು. ಸಾದಾ ಸಿರಿಂಜಿನ ತುದಿಯಲ್ಲಿರುವ ಕಪ್ಪು ರಬ್ಬರ್ ಇಂಥ ದ್ರಾವಕದಲ್ಲಿ ಉಬ್ಬುತ್ತದೆ. ಸೋಸದೆ ಹಾಕಿದ ಫಿಲ್ಮಿನಲ್ಲಿ ಒಂದೊಂದು ಧೂಳಿನ ಕಣದ ಹಿಂದೆಯೂ ಧೂಮಕೇತುವಿನ ಬಾಲದ ಹಾಗೆ ಗೆರೆ ಬರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಇದೇ ಹೊತ್ತಿಗೆ ಡೈ ಇಲ್ಲದ ಬರೀ ಪಿಎಂಎಂಎ ದ್ರಾವಣವನ್ನೂ ಮಾಡಿಟ್ಟುಕೊಳ್ಳಿ. ಹೋಲಿಸಿ ನೋಡಲು ಆ ಫಿಲ್ಮ್ ಬೇಕಾಗುತ್ತದೆ. ಇದನ್ನು ಬಿಟ್ಟವರು ಕೊನೆಗೆ ಗಾಜಿನ ಗುಣವನ್ನು ಡೈಯ ಲೆಕ್ಕಕ್ಕೆ ಬರೆದದ್ದನ್ನು ನೋಡಿದ್ದೇನೆ.

ಕೋಟಿಂಗ್

ಸ್ಪಿನ್ ಕೋಟರ್ ಇದ್ದರೆ ಸ್ಲೈಡಿನ ಮೇಲೆ ದ್ರಾವಣ ಪೂರ್ತಿ ಹರಡುವಷ್ಟು ಹಾಕಿ, ಗುಳ್ಳೆ ಇಲ್ಲದ ಹಾಗೆ. ಮೊದಲು 500 ಸುತ್ತಿನಲ್ಲಿ 10 ಸೆಕೆಂಡು, ಆಮೇಲೆ ನಿಮಿಷಕ್ಕೆ 1500 ಸುತ್ತಿನಲ್ಲಿ ಒಂದು ನಿಮಿಷ. ವೇಗ ನಾಲ್ಕು ಪಟ್ಟು ಮಾಡಿದರೆ ದಪ್ಪ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂಚಿನಲ್ಲಿ ದಪ್ಪ ಏರಿ ಬರುತ್ತದೆ, ಅಳತೆಗೆ ನಡುವಿನ ಭಾಗ ಮಾತ್ರ.

ಸ್ಪಿನ್ ಕೋಟರ್ ಇಲ್ಲವೇ? ಗಾಜಿನ ಪೆಟ್ರಿ ತಟ್ಟೆಯಲ್ಲಿ ಸುರಿದು ಒಣಗಿಸಬಹುದು. ಮೇಜು ಸಮ ಇದೆಯೇ ಎಂದು ಮೇಸ್ತ್ರಿಗಳ ರಸಮಟ್ಟ ಇಟ್ಟು ನೋಡಿ, ತಟ್ಟೆಯ ಮೇಲೆ ಆಲಿಕೆಯನ್ನು (ಫನೆಲ್) ಕವುಚಿ ಹಾಕಿ, ಹಬೆ ಮೆಲ್ಲ ಹೋಗಲಿ. ಆದರೆ ಡೈಯ ಅಳತೆ ಇಲ್ಲಿ ಪೂರ್ತಿ ಬೇರೆ. ಶೇಕಡಾ 5 ಡೈ ಇರುವ ಒಂದು ಮೈಕ್ರಾನ್ ಫಿಲ್ಮಿನ ಹೀರುವಿಕೆ (ಅಬ್ಸಾರ್ಬೆನ್ಸ್), ಬಣ್ಣ ಗಾಢವಾಗಿರುವ 490 ನ್ಯಾನೊಮೀಟರಿನ ಹತ್ತಿರ, ಸುಮಾರು 0.5 ಬರುತ್ತದೆ. ತಟ್ಟೆಯಲ್ಲಿ ಸುರಿದ ಫಿಲ್ಮ್ 50 ಮೈಕ್ರಾನ್ ಆಯಿತೆನ್ನಿ, ಅದೇ ಡೈ ಹಾಕಿದರೆ ಹೀರುವಿಕೆ 25. ಅಂದರೆ ಬೆಳಕು ಒಳಗೆ ಹೋಗುವುದೇ ಇಲ್ಲ, ಮೇಲಿನ ಪದರದಲ್ಲೇ ಮುಗಿಯುತ್ತದೆ. ದಪ್ಪ 50 ಪಟ್ಟು ಆದರೆ ಡೈ 50 ಪಟ್ಟು ಇಳಿಸಿ, ಶೇಕಡಾ 0.1 ಸಾಕು.

ಒಣಗಿಸುವುದು

ನಮ್ಮ ಅಂಗಳದಲ್ಲಿ ಅಡಿಕೆ ಒಣಗಿಸುವುದನ್ನು ನೋಡಿ ಬೆಳೆದವರಿಗೆ ಇದನ್ನು ಹೇಳುವುದು ಸುಲಭ. ಚಾಲಿ ಅಡಿಕೆಗೆ 40-45 ದಿನದ ಬಿಸಿಲು ಬೇಕು. ಹತ್ತು ದಿನಕ್ಕೇ ಸಿಪ್ಪೆ ಒಣಗಿದ ಹಾಗೆ ಕಾಣುತ್ತದೆ, ಆದರೆ ಕೈಯಲ್ಲಿ ಅಲ್ಲಾಡಿಸಿದರೆ ಸದ್ದಿಲ್ಲ, ಒಳಗೆ ಇನ್ನೂ ಹಸಿ. ಫಿಲ್ಮ್ ಕೂಡ ಹಾಗೇ. ಮೇಲ್ಮೈ ಮೊದಲು ಆರಿ ಚರ್ಮ ಕಟ್ಟುತ್ತದೆ, ಆ ಚರ್ಮದಡಿಯಲ್ಲಿ ಸಿಕ್ಕಿಬಿದ್ದ ದ್ರಾವಕ ಹೊರಗೆ ಬರಲು ದಾರಿ ಕಾಣದೆ ದಿನಗಟ್ಟಲೆ ಕೂರುತ್ತದೆ, ನಮ್ಮ ಕಣ್ಣಿಗೆ ಮಾತ್ರ ಎಲ್ಲ ಒಣಗಿದ ಹಾಗೆ. ಒಮ್ಮೆಲೇ ಬಿಸಿ ಏರಿಸಿದರೆ ಹಲಸಿನ ಹಪ್ಪಳ ಎಣ್ಣೆಗೆ ಬಿಟ್ಟ ಹಾಗೆ ಗುಳ್ಳೆ ಏಳುತ್ತದೆ.

ನಾನು ಮಾಡುವ ಕ್ರಮ ಹೀಗೆ. ಕೋಟಿಂಗ್ ಆದ ಕೂಡಲೇ 50 ಡಿಗ್ರಿಯ ಹಾಟ್ ಪ್ಲೇಟ್ ಮೇಲೆ ಅರ್ಧ ಗಂಟೆ, ಪೆಟ್ರಿ ತಟ್ಟೆ ಕವುಚಿ. ಆಮೇಲೆ 70 ಡಿಗ್ರಿಯಲ್ಲಿ ಎರಡು ಗಂಟೆ. ಆಮೇಲೆ ವ್ಯಾಕ್ಯೂಮ್ ಓವನ್ನಿನಲ್ಲಿ 80 ಡಿಗ್ರಿಯಲ್ಲಿ ರಾತ್ರಿ ಪೂರ್ತಿ. ಓವನ್ ಆರಿಸಿ, ಬಾಗಿಲು ತೆರೆಯದೆ ತಾನಾಗಿ ತಣಿಯಲು ಬಿಡಿ. ಟೀಜಿ ದಾಟಿ ಬಿಸಿ ಮಾಡಿ ಬೇಗ ಮುಗಿಸುವ ಯೋಚನೆ ಬೇಡ, ಆ ಬಿಸಿಗೆ ಡೈ ತಾನೇ ಫಿಲ್ಮಿನಿಂದ ಆವಿಯಾಗಿ ಹೋಗುತ್ತದೆ. ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋದರೆ ಆ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮತ್ತೊಂದು ರಾತ್ರಿ ಇಡಿ. ನಾನು ಒಂದು ಸಲ ಹಿಡಿದಿದ್ದೆ, ಮುಂದೆ ಹೇಳುತ್ತೇನೆ.

ದಪ್ಪ ಫಿಲ್ಮ್ ಆದರೆ ದಿನಕ್ಕೊಂದು ಸಲ ತೂಗಿ ನೋಡಿ, ಎರಡು ದಿನ ತೂಕ ಬದಲಾಗದಿದ್ದರೆ ಒಣಗಿದೆ. ಒಂದು ಮೈಕ್ರಾನ್ ಫಿಲ್ಮಿನ ತೂಕ ಒಂದು ಮಿಲಿಗ್ರಾಮಿನ ಆಸುಪಾಸು, ತೂಗಿ ಪ್ರಯೋಜನವಿಲ್ಲ. ಅದಕ್ಕೆ ಬೇರೆ ದಾರಿ ಮುಂದಿದೆ.

ನೋಡಿ, ಅಳೆಯಿರಿ

ಪೋಲರೈಸರ್ (ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಸಾಧನ) ಇರುವ ಮೈಕ್ರೋಸ್ಕೋಪಿನಲ್ಲಿ ಎರಡೂ ಪೋಲರೈಸರ್ ಅಡ್ಡ ಮಾಡಿ ನೋಡಿ. ಒಳ್ಳೆಯ ಫಿಲ್ಮ್ ಪೂರ್ತಿ ಕಪ್ಪು. ಮಿನುಗುವ ಚುಕ್ಕೆ ಕಂಡರೆ ಡೈ ಹರಳಾಗಿದೆ.

ದಪ್ಪಕ್ಕೆ ಸ್ಪೆಕ್ಟ್ರಮ್‌ನ ಅಲೆಗಳನ್ನು ಎಣಿಸುವ ಕ್ರಮ ನಿಮಗೆ ಗೊತ್ತಿರಬಹುದು. ಇಲ್ಲಿ ಅದು ನಡೆಯುವುದಿಲ್ಲ. ಪಿಎಂಎಂಎ 1.49, ಗಾಜು ಸುಮಾರು 1.52, ಎರಡರ ನಡುವಿನ ಗಡಿಯಲ್ಲಿ ಬೆಳಕು ಹಿಂದಕ್ಕೆ ಬರುವುದು ತೀರಾ ಕಡಿಮೆ, ಅಲೆ ಕಾಣುವುದೇ ಇಲ್ಲ ಎನ್ನಬಹುದು. ಬ್ಲೇಡಿನಲ್ಲಿ ಫಿಲ್ಮಿಗೆ ಒಂದು ಗೀರು ಹಾಕಿ ಪ್ರೊಫೈಲೋಮೀಟರಿನಲ್ಲಿ ಆಳ ನೋಡಿ. ನಿಮ್ಮಲ್ಲಿ ಇಲ್ಲದಿದ್ದರೆ ಇರುವ ಲ್ಯಾಬಿಗೆ ಒಂದು ದಿನ ಸ್ಲೈಡ್ ಹಿಡಿದುಕೊಂಡು ಹೋಗಿ ಬನ್ನಿ. ದಪ್ಪವನ್ನು ಊಹಿಸಿ ಬರೆದರೆ ಮುಂದಿನ ಲೆಕ್ಕವೆಲ್ಲ ಊಹೆಯೇ.

ಹೀರುವಿಕೆಯ ಸ್ಪೆಕ್ಟ್ರಮ್ ತೆಗೆದು ಇಟ್ಟುಕೊಳ್ಳಿ. ಪ್ರಯೋಗ ಮುಗಿದ ಮೇಲೆ ಅದೇ ಜಾಗದಲ್ಲಿ ಪುನಃ ತೆಗೆಯಿರಿ. ಎತ್ತರ ಇಳಿದಿದ್ದು ರಾತ್ರಿ ಬಿಟ್ಟರೂ ಮೇಲೆ ಬಾರದಿದ್ದರೆ ಡೈ ಸುಟ್ಟುಹೋಗಿದೆ ಎಂದು ಅರ್ಥ.

ಬೆಳಕಿನಲ್ಲಿ ಬರೆಯುವುದು

ಎರಡು ಲೇಸರ್ ಬೇಕು. ಬರೆಯಲು 532 ನ್ಯಾನೊಮೀಟರಿನ ಹಸಿರು, ಓದಲು 632.8 ನ್ಯಾನೊಮೀಟರಿನ ಹೀಲಿಯಂ ನಿಯಾನ್ ಕೆಂಪು. ಹಸಿರನ್ನು ಡೈ ಹೀರುತ್ತದೆ, ಕೆಂಪನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ, ಹಾಗಾಗಿ ಓದುವಾಗ ಬರಹ ಅಳಿಯುವುದಿಲ್ಲ. ಕಣ್ಣಿಗೆ ಲೇಸರ್ ಕನ್ನಡಕ ಹಾಕಿಕೊಳ್ಳಿ. ಕೈಯ ಬಳೆ, ವಾಚು ತೆಗೆದಿಡಿ, ಬೆಳಕು ಅದಕ್ಕೆ ತಾಗಿ ಎಲ್ಲಿಗೋ ಹಾರುತ್ತದೆ. ಅಗ್ಗದ ಹಸಿರು ಪಾಯಿಂಟರುಗಳಲ್ಲಿ 808 ಮತ್ತು 1064 ನ್ಯಾನೊಮೀಟರಿನ ಕಾಣದ ಬೆಳಕೂ ಹೊರಗೆ ಬರಬಹುದು. ಒಳಗೆ ಅದನ್ನು ತಡೆಯುವ ಫಿಲ್ಟರ್ ಇಲ್ಲದಿದ್ದರೆ ಕಣ್ಣಿಗೂ ಅಪಾಯ, ನಿಮ್ಮ ಅಳತೆಗೂ ಅಪಾಯ.

ಕೆಂಪು ಬೆಳಕಿನ ದಾರಿಯಲ್ಲಿ ಎರಡು ಪೋಲರೈಸರ್ ಇಟ್ಟು, ನಡುವೆ ಫಿಲ್ಮ್. ಮೊದಲು ಎರಡು ಪೋಲರೈಸರನ್ನೂ ಒಂದೇ ದಿಕ್ಕಿಗೆ ಇಟ್ಟು ಬರುವ ಬೆಳಕು ಅಳೆಯಿರಿ, ಅದು ನಿಮ್ಮ ಪೂರ್ತಿ ಬೆಳಕು. ಈಗ ಅಡ್ಡ ತಿರುಗಿಸಿ, ಕತ್ತಲಾಗಬೇಕು. ಹಸಿರು ಲೇಸರಿನ ಧ್ರುವೀಕರಣ ಈ ಎರಡಕ್ಕೂ 45 ಡಿಗ್ರಿಯಲ್ಲಿ ಇರಲಿ. ಡಿಟೆಕ್ಟರ್ ಮುಂದೆ ಕೆಂಪು ಫಿಲ್ಟರ್ ಇಡಿ, ಹಸಿರು ಒಳಗೆ ಹೋಗಬಾರದು. ಫೋಟೋಡಯೋಡ್, ಒಂದು ರೆಸಿಸ್ಟರ್, ಮಲ್ಟಿಮೀಟರ್ ಸಾಕು. ಮೊಬೈಲ್ ಕ್ಯಾಮೆರಾ ಬೇಡ, ಅದು ಕತ್ತಲಾದರೆ ತಾನಾಗಿ ಬೆಳಕು ಏರಿಸಿ ಲೆಕ್ಕ ಕೆಡಿಸುತ್ತದೆ.

ಹಸಿರು ಬಿಡಿ. 5 ಮಿಲಿವ್ಯಾಟ್ ಬೆಳಕು 2 ಮಿಲಿಮೀಟರ್ ಅಡ್ಡಗಲದ ಚುಕ್ಕೆಯಲ್ಲಿ ಬಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 160 ಮಿಲಿವ್ಯಾಟ್ ಆಗುತ್ತದೆ, ಧಾರಾಳ ಸಾಕು. ಕತ್ತಲಲ್ಲಿದ್ದ ಡಿಟೆಕ್ಟರ್ ಮೆಲ್ಲ ಏರಲು ಶುರುವಾಗುತ್ತದೆ. ಮೊದಲು ಬೇಗ, ಆಮೇಲೆ ನಿಧಾನ, ಕೊನೆಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ.

ಲೆಕ್ಕ ಹೀಗೆ: ಅಡ್ಡ ಪೋಲರೈಸರ್ ದಾಟಿ ಬಂದ ಬೆಳಕನ್ನು ಪೂರ್ತಿ ಬೆಳಕಿನಿಂದ ಭಾಗಿಸಿದರೆ ಸಿಗುವುದು ಒಂದು ಕೋನದ ಸೈನ್‌ನ ವರ್ಗ. ಆ ಕೋನ ಎಂದರೆ ಪೈ, ಸೂಚ್ಯಂಕದ ವ್ಯತ್ಯಾಸ ಮತ್ತು ದಪ್ಪ ಮೂರನ್ನೂ ಗುಣಿಸಿ ಕೆಂಪು ಬೆಳಕಿನ ತರಂಗಾಂತರದಿಂದ ಭಾಗಿಸಿದ್ದು, ರೇಡಿಯನ್ನಿನಲ್ಲಿ. ದಪ್ಪ 1 ಮೈಕ್ರಾನ್, ವ್ಯತ್ಯಾಸ 0.01 ಎಂದಿಟ್ಟುಕೊಳ್ಳಿ. ಕೋನ 0.05, ಅದರ ಸೈನ್ ವರ್ಗ 0.0025. ಅಂದರೆ ಶೇಕಡಾ ಕಾಲು (0.25) ಭಾಗ ಬೆಳಕು ಮಾತ್ರ ನಿಮಗೆ ಕಾಣುವುದು! ಅದಕ್ಕೇ ಪೋಲರೈಸರ್ ಒಳ್ಳೆಯದಿರಬೇಕು, ಕೋಣೆ ಕತ್ತಲಿರಬೇಕು, ಲೇಸರ್ ಉರಿಸಿ ಕನಿಷ್ಠ ಅರ್ಧ ಗಂಟೆ ಕಾಯಬೇಕು. ನಮ್ಮಲ್ಲಿ ವೋಲ್ಟೇಜ್ ಕುಣಿಯುವುದು ಜಾಸ್ತಿ, ಲೇಸರನ್ನು ಯುಪಿಎಸ್‌ಗೆ ಹಾಕಿ.

ಹಸಿರು ನಿಲ್ಲಿಸಿದರೆ ಮಟ್ಟ ಇಳಿಯುತ್ತದೆ. ಸ್ವಲ್ಪ ಭಾಗ ಕೂಡಲೇ, ಇನ್ನು ಸ್ವಲ್ಪ ನಿಧಾನ, ಉಳಿದದ್ದು ನಿಲ್ಲುತ್ತದೆ. ಬರೀ ಬೆರೆಸಿದ ಡೈಯಲ್ಲಿ ಉಳಿಯುವುದು ಕಡಿಮೆ. ಡೈಯನ್ನು ಪಾಲಿಮರಿನ ಸರಪಳಿಗೇ ರಾಸಾಯನಿಕವಾಗಿ ಕಟ್ಟಿದರೆ ಉಳಿಯುವುದು ಎಷ್ಟೋ ಜಾಸ್ತಿ. ಅಳಿಸಲು ಹಸಿರು ಬೆಳಕಿನ ದಾರಿಯಲ್ಲಿ ಕ್ವಾರ್ಟರ್ ವೇವ್ ಪ್ಲೇಟ್ ಇಟ್ಟು ವೃತ್ತಾಕಾರದ ಧ್ರುವೀಕರಣ ಮಾಡಿ ಬಿಡಿ, ಅಣುಗಳು ಪುನಃ ಎಲ್ಲ ಕಡೆಗೂ ಚೆದುರುತ್ತವೆ. ಬರೆಯಿರಿ, ಬಿಡಿ, ಅಳಿಸಿ, ಕನಿಷ್ಠ ಐದು ಸಲ.

ಒಣಗಿದ್ದನ್ನು ತಿಳಿಯುವ ದಾರಿ ಎಂದೆನಲ್ಲ, ಅದು ಇದೇ ಇಳಿಯುವ ಗೆರೆ. ಕರೆಂಟ್ ಹೋದ ರಾತ್ರಿಯ ಫಿಲ್ಮಿನಲ್ಲಿ ನನಗೆ ಗೆರೆ ಬಹಳ ಬೇಗ ಏರಿತು, ನಿಲ್ಲಿಸಿದ ಕೂಡಲೇ ದಡಕ್ಕನೆ ಇಳಿಯಿತು. ಎಷ್ಟು ಚುರುಕಾದ ಡೈ ಎಂದು ಖುಷಿಪಟ್ಟು ನೋಟ್‌ಬುಕ್ಕಿನಲ್ಲಿ ಬರೆದೂ ಬಿಟ್ಟೆ. ನಾಲ್ಕು ದಿನ ಬಿಟ್ಟು ಅದೇ ಸ್ಲೈಡ್ ಇಟ್ಟರೆ ಏರುವುದು ನಿಧಾನ, ಇಳಿಯುವುದೂ ನಿಧಾನ. ಡೈ ಬದಲಾಗಿರಲಿಲ್ಲ, ಒಳಗಿದ್ದ ದ್ರಾವಕ ಹೋಗಿತ್ತು. ಮೆದು ಗಾಜಿನಲ್ಲಿ ಅಣು ಸಲೀಸಾಗಿ ತಿರುಗುತ್ತದೆ, ಸಲೀಸಾಗಿ ಮರಳುತ್ತದೆ. ಅಂದಿನಿಂದ ಎರಡು ಬೇರೆ ಬೇರೆ ದಿನ ಒಂದೇ ಗೆರೆ ಬರುವ ತನಕ ಯಾವ ಅಂಕಿಯನ್ನೂ ನಾನು ಬರೆಯುವುದಿಲ್ಲ.

ಪೋಲಿಂಗ್

ಇದನ್ನು ಒಬ್ಬರೇ ಮಾಡಬೇಡಿ, ಗೈಡ್ ಪಕ್ಕದಲ್ಲಿರಲಿ. ವಿದ್ಯುತ್ ಹರಿಯುವ ಐಟಿಒ ಪದರದ ಗಾಜಿನ ಮೇಲೆ ಫಿಲ್ಮ್ ಮಾಡಿ, ಆ ಪದರವನ್ನು ಭೂಮಿಗೆ ಜೋಡಿಸಿ, ಒಂದೆರಡು ಸೆಂಟಿಮೀಟರ್ ಮೇಲೆ ಸೂಜಿ ನಿಲ್ಲಿಸಿ ಸುಮಾರು 5 ಕಿಲೋವೋಲ್ಟ್ ಕೊಡುತ್ತಾರೆ. ಫಿಲ್ಮನ್ನು ಟೀಜಿಯ ಹತ್ತಿರಕ್ಕೆ ಬಿಸಿ ಮಾಡಿ, ಹತ್ತಿಪ್ಪತ್ತು ನಿಮಿಷ ಇಟ್ಟು, ವೋಲ್ಟೇಜ್ ಇರುವಾಗಲೇ ತಣಿಸಬೇಕು. ಮೊದಲು ವೋಲ್ಟೇಜ್ ತೆಗೆದರೆ ಸಾಲು ನಿಂತವರೆಲ್ಲ ಚದುರಿದ ಹಾಗೆ. ಸೂಜಿಯ ತುದಿಯಿಂದ ಗಾಳಿಗೆ ಹರಿಯುವ ವಿದ್ಯುತ್ ವಿಸರ್ಜನೆಗೆ ಕೊರೊನಾ ಎನ್ನುತ್ತಾರೆ, ತೇವದ ಗಾಳಿಯಲ್ಲಿ ಅದು ಒಂದೇ ಸಮ ನಿಲ್ಲುವುದಿಲ್ಲ, ಒಣ ನೈಟ್ರೋಜನ್ ಬಿಟ್ಟುಕೊಂಡೇ ಮಾಡಿ.

1064 ನ್ಯಾನೊಮೀಟರಿನ ಪಲ್ಸ್ ಲೇಸರ್ ಬಿಟ್ಟರೆ 532ರ ಹಸಿರು ಬರುತ್ತದೆ. ಆದರೆ ಆ ಹಸಿರನ್ನು ಡಿಆರ್-1 ತಾನೇ ಹೀರುವುದನ್ನು ಈಗಾಗಲೇ ನೋಡಿದೆವು. ಅದೇ ಕಾರಣಕ್ಕೆ ಅಳತೆಯಲ್ಲಿ ಬರುವ ಅಂಕಿ ಅನುರಣನದಿಂದ ಉಬ್ಬಿರುತ್ತದೆ. ಬರೆಯುವಾಗ ತರಂಗಾಂತರ ಸೇರಿಸಿಯೇ ಬರೆಯಿರಿ, ಬೇರೆ ತರಂಗಾಂತರದ ಅಂಕಿಯ ಜೊತೆ ನೇರ ಹೋಲಿಸಬೇಡಿ.

ಝೆಡ್-ಸ್ಕ್ಯಾನ್

ಶೇಖ್-ಬಹಾಯಿ ಮತ್ತು ಜೊತೆಯವರು 1989ರಲ್ಲಿ ಕೊಟ್ಟ ಈ ವಿಧಾನ ಸರಳ. ಬೆಳಕಿನ ತೀವ್ರತೆಗೆ ಸೂಚ್ಯಂಕ ಎಷ್ಟು ಬದಲಾಗುತ್ತದೆ ಎಂದು ಇದರಲ್ಲಿ ಅಳೆಯುತ್ತಾರೆ. ಲೇಸರನ್ನು ಲೆನ್ಸಿನಿಂದ ಒಂದು ಬಿಂದುವಿಗೆ ತಂದು, ಫಿಲ್ಮನ್ನು ಲೆನ್ಸಿನ ಕಡೆಯಿಂದ ಆ ಬಿಂದುವನ್ನು ದಾಟಿಸಿ ಡಿಟೆಕ್ಟರಿನ ಕಡೆಗೆ ಸರಿಸುತ್ತಾ, ದೂರದಲ್ಲಿ ಒಂದು ಸಣ್ಣ ರಂಧ್ರ ದಾಟುವ ಬೆಳಕನ್ನು ಅಳೆಯುವುದು. ಮೊದಲು ಶಿಖರ ಆಮೇಲೆ ಕಣಿವೆ ಬಂದರೆ ಸೂಚ್ಯಂಕ ಬೆಳಕಿಗೆ ಇಳಿಯುತ್ತದೆ, ತಿರುಗಾಮುರುಗಾ ಬಂದರೆ ಏರುತ್ತದೆ. ರಂಧ್ರ ಪೂರ್ತಿ ತೆರೆದು ಇನ್ನೊಂದು ಸಲ ಮಾಡಿದರೆ ನಾನ್‌ಲೀನಿಯರ್ ಹೀರುವಿಕೆ ಸಿಗುತ್ತದೆ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಶಿಖರ ಮತ್ತು ಕಣಿವೆಯ ನಡುವಿನ ವ್ಯತ್ಯಾಸ 0.2 ಬಂತು, ರಂಧ್ರ ಬಿಡುವ ಬೆಳಕಿನ ಪಾಲು 0.3 ಎನ್ನಿ. ಒಂದರಿಂದ 0.3 ಕಳೆದರೆ 0.7, ಅದರ ನಾಲ್ಕನೇ ಮೂಲ 0.915, ಅದಕ್ಕೆ 0.406 ಗುಣಿಸಿದರೆ 0.371. ಈಗ 0.2 ಅನ್ನು ಇದರಿಂದ ಭಾಗಿಸಿ, 0.54 ರೇಡಿಯನ್. ಇದು ಬೆಳಕಿನ ಅಲೆಯ ಹಂತದಲ್ಲಿ (ಫೇಸ್) ಫಿಲ್ಮ್ ಮಾಡಿದ ಬದಲಾವಣೆ. ಕಿರಣ ಅತಿ ಕಿರಿದಾದ ಬಿಂದುವಿನಿಂದ ಅದರ ಅಡ್ಡಕೊಯ್ತದ ವಿಸ್ತೀರ್ಣ ಎರಡು ಪಟ್ಟಾಗುವ ತನಕದ ದೂರಕ್ಕೆ ರೇಲೀ ದೂರ ಎನ್ನುತ್ತಾರೆ, ಶಿಖರ, ಕಣಿವೆಗಳ ನಡುವಿನ ದೂರ ಅದರ ಸುಮಾರು 1.7 ಪಟ್ಟು ಇರಬೇಕು. 532 ನ್ಯಾನೊಮೀಟರ್ ಬೆಳಕು 20 ಮೈಕ್ರಾನ್ ತ್ರಿಜ್ಯಕ್ಕೆ ಇಳಿದರೆ ರೇಲೀ ದೂರ 2.36 ಮಿಲಿಮೀಟರ್, ಹಾಗಾಗಿ ಸುಮಾರು 4 ಮಿಲಿಮೀಟರ್ ಬರಬೇಕು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಪಲ್ಸ್ ಇಲ್ಲದ, ಸದಾ ಉರಿಯುವ ಲೇಸರಿನಲ್ಲಿ ಮಾಡಿದರೆ ದೊಡ್ಡ ಅಂಕಿ ಬರುತ್ತದೆ. ಅದರಲ್ಲಿ ಜಾಸ್ತಿ ಪಾಲು ಬಿಸಿಯದ್ದು. ಡೈ ಬೆಳಕು ಹೀರಿ ಬಿಸಿಯಾಗುತ್ತದೆ, ಬಿಸಿಗೆ ಸೂಚ್ಯಂಕ ಇಳಿಯುತ್ತದೆ. ಅದನ್ನು ಎಲೆಕ್ಟ್ರಾನಿಕ್ ಪರಿಣಾಮ ಎಂದು ಬರೆದರೆ ತಪ್ಪು. ಬಿಸಿಯಿಂದ ಬಂದದ್ದು ಎಂದು ನೇರವಾಗಿ ಬರೆಯಿರಿ, ಅದಕ್ಕೂ ಬೆಲೆ ಇದೆ.

ಪಾಲಿಮರ್ ಇಲ್ಲದ ಗಾಜು

ಕೈ ಕುದುರಿದ ಮೇಲೆ ಸಣ್ಣ ಅಣುಗಳ ಗಾಜಿಗೆ ಹೋಗಬಹುದು. ಅಜೊ ಅಣುವಿಗೇ ದೊಡ್ಡ, ಓರೆಕೋರೆ ಗುಂಪುಗಳನ್ನು ಕಟ್ಟಿ ಸಾಲು ಕಟ್ಟಲು ಬಿಡದ ಹಾಗೆ ಮಾಡುತ್ತಾರೆ, ಆಗ ಅದು ತಾನೇ ಗಾಜಾಗುತ್ತದೆ. ಡೈಯನ್ನು ತೆಳು ಮಾಡುವ ಪಾಲಿಮರ್ ಇಲ್ಲ, ಎಲ್ಲ ಅಣುವೂ ಒಂದೇ ಅಳತೆ, ಶುದ್ಧ ಮಾಡುವುದೂ ಸುಲಭ. ಎರಡು ಲೇಸರ್ ಕಿರಣ ಸೇರಿಸಿ ಫಿಲ್ಮಿನ ಮೈಮೇಲೇ ಏರುತಗ್ಗಿನ ಗೆರೆ ಎಬ್ಬಿಸುವ ಕೆಲಸಕ್ಕೆ, 1995ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದ್ದು ಅದು, ಇಂಥ ಗಾಜು ಅಥವಾ ಡೈ ಕಟ್ಟಿದ ಪಾಲಿಮರೇ ಸರಿ. ಸುಮ್ನೆ ಬೆರೆಸಿದ ಡೈ ಅಲ್ಲಿ ಸಾಲದು.

ತೊಂದರೆ ಎಂದರೆ ಈ ಗಾಜು ಹರಳಾಗಲು ಸದಾ ತಯಾರು. ಒಂದು ಧೂಳಿನ ಕಣ, ಒಂದು ಬೆರಳ ಗುರುತು ಸಾಕು. ಅದಕ್ಕೇ ಗಾಜು ಮತ್ತು ಪಾಲಿಮರನ್ನು ಬೆರೆಸುವುದು. ಬೆರೆತದ್ದು ಒಂದಾಗಿದೆಯೇ ಎಂದು, ಬಿಸಿ ಮಾಡುತ್ತಾ ಟೀಜಿ ಅಳೆಯುವ ಯಂತ್ರವಾದ ಡಿಎಸ್‌ಸಿಯಲ್ಲಿ ನೋಡಿ. ಒಂದೇ ಟೀಜಿ ಬಂದರೆ ಒಂದಾಗಿದೆ, ಎರಡು ಬಂದರೆ ಒಳಗೆ ಬೇರೆ ಬೇರೆ ಕೂತಿವೆ, ಸ್ವಲ್ಪ ದಿನದಲ್ಲಿ ಮಂಕಾಗುತ್ತದೆ.

ಎತ್ತಿಡುವುದು

ಮನೆಯಲ್ಲಿ ಅಮ್ಮ ಹಪ್ಪಳದ ಡಬ್ಬವನ್ನು ಮಳೆಗಾಲಕ್ಕೆ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು, ಅಲ್ಲಿ ಸದಾ ಬೆಚ್ಚಗೆ, ಒಣಗಿರುತ್ತದೆ. ಲ್ಯಾಬಿನಲ್ಲಿ ಅಟ್ಟ ಇಲ್ಲ, ಬಿಗಿ ಮುಚ್ಚಳದ ಡಬ್ಬ ಮತ್ತು ಸಿಲಿಕಾ ಜೆಲ್ ಇದೆ. ನೀಲಿ ಜೆಲ್ ಗುಲಾಬಿಯಾದರೆ ಓವನ್ನಿನಲ್ಲಿ ಬಿಸಿ ಮಾಡಿ ಪುನಃ ಹಾಕಿ. ಡಬ್ಬಕ್ಕೆ ಕಪ್ಪು ಕಾಗದ ಸುತ್ತಿ, ಟ್ಯೂಬ್‌ಲೈಟಿನ ಬೆಳಕೂ ಈ ಡೈಗೆ ಬೆಳಕೇ. ಸ್ಲೈಡಿನ ಹಿಂಬದಿಯ ಮೂಲೆಯಲ್ಲಿ ದಿನಾಂಕ, ಡೈಯ ಶೇಕಡಾ, ದ್ರಾವಕ, ಒಣಗಿಸಿದ ಗಂಟೆ ಬರೆಯಿರಿ. ಮಳೆ ಇತ್ತೇ ಇಲ್ಲವೇ ಎಂಬುದನ್ನೂ ನಾನು ಬರೆಯುತ್ತೇನೆ.

ಡಬ್ಬವನ್ನು ಎಸಿ ಕೋಣೆಯಲ್ಲಿ ಇಟ್ಟಿದ್ದರೆ ಹೊರಗೆ ತಂದ ಕೂಡಲೇ ತೆರೆಯಬೇಡಿ. ತಣ್ಣಗಿನ ಸ್ಲೈಡಿನ ಮೇಲೆ ನಮ್ಮ ಗಾಳಿ ತಾಗಿದರೆ ಎರಡೇ ನಿಮಿಷದಲ್ಲಿ ಬೆವರುತ್ತದೆ. ಮುಚ್ಚಳ ಹಾಕಿದ ಹಾಗೇ ಒಂದು ಗಂಟೆ ಮೇಜಿನ ಮೇಲೆ ಬಿಟ್ಟು, ಡಬ್ಬವನ್ನು ಹೊರಗಿನಿಂದ ಮುಟ್ಟಿ ನೋಡಿ, ತಣ್ಣಗೆ ಅನಿಸದಿದ್ದರೆ ಆಗ ತೆರೆಯಿರಿ.